ಒಂದು ಬ್ಲಾಕು, ಮೂರು ಸೇತುವೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಪ್ಪತ್ತರ ದಶಕದಲ್ಲಿ ನಮ್ಮ ಚಿತ್ರದುರ್ಗದ ಸುತ್ತಮುತ್ತ ಎಲ್ಲಿ ಸೇತುವೆ ಮುರಿದರೂ, ಪತ್ರಿಕೆಯಲ್ಲಿ ಬಂದ ಅದರ ಚಿತ್ರದಲ್ಲಿ ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ನಿಂತು, ಮಡಿಸಿದ ಕೊಡೆಯ ತುದಿಯಿಂದ ಆ ಮುರುಕನ್ನು ತೋರಿಸುತ್ತಿದ್ದ. ಧರ್ಮಪುರದ ದಾರಿಯ ಸೇತುವೆಯ ಮುಂದೆಯೂ ಅವನೇ, ಹೊಳಲ್ಕೆರೆ ಕಡೆಯ ಮೋರಿಯ ಮುಂದೆಯೂ ಅವನೇ. ಅದೇ ಕೊಡೆ, ಅದೇ ಪಂಚೆ, ಒಂದು ಕಾಲಿನ ಚಪ್ಪಲಿಯ ಹಿಮ್ಮಡಿ ಸವೆದು ಸ್ವಲ್ಪ ಓರೆಯಾಗಿ ನಿಲ್ಲುವ ಅದೇ ಠೀವಿ. ಜಿಲ್ಲೆಯ ಕಷ್ಟಸುಖಕ್ಕೆ ಇಷ್ಟು ಓಡಾಡುವ ಈ ಪುಣ್ಯಾತ್ಮ ಯಾರಿರಬಹುದು ಎಂದು ಓದುಗರು ಯೋಚಿಸಿದ್ದುಂಟು. ಆ ಪುಣ್ಯಾತ್ಮ ನಾನು. ನಿಜವಾಗಿ ನಾನು ನಿಂತದ್ದು ಒಂದೇ ಸೇತುವೆಯ ಮುಂದೆ, ಒಂದೇ ಸಲ, ಹೆಚ್ಚೆಂದರೆ ಐದು ನಿಮಿಷ.

ಆಗ ನಾನು ದುರ್ಗದ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ನಾಲ್ಕು ಪುಟದ ಪತ್ರಿಕೆ. ವರದಿಗಾರ ನಾನೇ, ಕರಡು ತಿದ್ದುವವನು ನಾನೇ, ಗುರುವಾರ ಬಂಡಲು ಕಟ್ಟಿ ಬಸ್ಸಿಗೆ ಹಾಕುವವನೂ ನಾನೇ. ಸಂಪಾದಕರು ಸಂಪಾದಕೀಯ ಬರೆಯುತ್ತಿದ್ದರು. ಉಳಿದ ಹೊತ್ತಿನಲ್ಲಿ ಅದನ್ನು ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಆ ಕಾಲದಲ್ಲಿ ಒಂದು ಫೋಟೋ ಅಚ್ಚಾಗಬೇಕಾದರೆ ಅದನ್ನು ಸತುವಿನ ತಗಡಿನ ಮೇಲೆ ಕೊರೆಸಿ, ಮರದ ತುಂಡಿನ ಮೇಲೆ ಕೂರಿಸಬೇಕಿತ್ತು. ಅದಕ್ಕೆ ಬ್ಲಾಕು ಎನ್ನುತ್ತಿದ್ದೆವು. ಅದನ್ನು ಬೆಂಗಳೂರಿನಿಂದಲೇ ಮಾಡಿಸಿ ತರಿಸಬೇಕು, ವಾರಗಟ್ಟಲೆ ಕಾಯಬೇಕು. ಹಾಗಾಗಿ ನಮ್ಮ ಪ್ರೆಸ್ಸಿನ ಗೂಡಿನಲ್ಲಿದ್ದದ್ದು ಬೆರಳೆಣಿಕೆಯ ಬ್ಲಾಕುಗಳು. ಮದುವೆಗೆ ಒಂದು ಗಣಪತಿ, ನಿಧನವಾರ್ತೆಗೆ ಒಂದು ಉರಿಯುವ ದೀಪ, ಜಾಹೀರಾತಿಗೆ ಒಂದು ಎತ್ತು. ಹಿಂಡಿ ಅಂಗಡಿಗೂ ಅದೇ ಎತ್ತು, ಗೊಬ್ಬರದ ಅಂಗಡಿಗೂ ಅದೇ ಎತ್ತು, ಕಳೆದುಹೋದ ಎತ್ತಿನ ಪ್ರಕಟಣೆಗೂ ಅದೇ ಎತ್ತು. ಇದು ನಮ್ಮ ಎತ್ತಲ್ಲ ಎಂದು ಯಾರೂ ಯಾವತ್ತೂ ಜಗಳಕ್ಕೆ ಬಂದಿರಲಿಲ್ಲ. ಮುಂದಿನ ಎಡವಟ್ಟಿಗೆಲ್ಲ ಈ ಎತ್ತೇ ಕಾರಣವೆಂದು ನನಗೆ ಈಗ ಅನ್ನಿಸುತ್ತದೆ.

ನನ್ನ ಹೆಂಡತಿ ಗೌರಮ್ಮನ ತವರು ಹೊಸದುರ್ಗದ ಕಡೆಯ ಒಂದು ಸಣ್ಣ ಹಳ್ಳಿ. ಮಾವ ಈರಣ್ಣನವರದು ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹೊಲ. ಊರಿನ ಮುಂದೆ ಒಂದು ಹಳ್ಳ, ಹಳ್ಳಕ್ಕೊಂದು ಮೂರು ಕಮಾನಿನ ಸೇತುವೆ. ಒಂದು ಮುಂಗಾರಿನಲ್ಲಿ ನಡುವಿನ ಕಮಾನು ಕುಸಿದು ಕೂತಿತು. ಊರೊಳಗೆ ಬರುತ್ತಿದ್ದ ಬಸ್ಸು ಹಳ್ಳದ ಆಚೆಯೇ ತಿರುಗಿ ಹೋಗತೊಡಗಿತು. ಬಸ್ಸು ಹಿಡಿಯಬೇಕಾದವರು ಹಳ್ಳಕ್ಕಿಳಿದು, ಕಲ್ಲು ಕೊರಕಲಿನಲ್ಲಿ ದಾಟಿ, ಆಚೆ ದಡ ಹತ್ತಬೇಕು. ಹುಡುಗರು ಹತ್ತಿದರು, ಕುರಿಗಳು ಹತ್ತಿದವು, ನನ್ನ ಅತ್ತೆ ಕೆಂಚಮ್ಮನವರಿಗೆ ಆಗಲಿಲ್ಲ. ಅವರಿಗೆ ಎರಡೂ ಮಂಡಿ ನೋವು.

ಅತ್ತೆ ಬರುವುದಿಲ್ಲ ಅಂದರೆ ಅಳಿಯನಿಗೆ ಒಳಗೊಳಗೇ ಖುಷಿ ಎಂದು ನೀವು ನಗುತ್ತಿದ್ದರೆ, ಸ್ವಲ್ಪ ತಡೆಯಿರಿ. ನನ್ನ ಅತ್ತೆ ಬಂದರೆ ಚೀಲದಲ್ಲಿ ಶೇಂಗಾ ಬರುತ್ತಿತ್ತು, ಗುರೆಳ್ಳು ಚಟ್ನಿಪುಡಿ ಬರುತ್ತಿತ್ತು, ಬಾಳೆಎಲೆಯಲ್ಲಿ ಸುತ್ತಿದ ಬೆಣ್ಣೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮನೆಯಲ್ಲಿ ನನ್ನ ಪರವಾಗಿ ಮಾತಾಡುತ್ತಿದ್ದ ಏಕೈಕ ಜೀವ ಅದು. "ಪಾಪ, ಬರದು ಬರದು ಬೆರಳು ಸವದವೆ, ಅವ್ರಿಗೊಂದಿಷ್ಟು ಬೆಣ್ಣೆ ಹಾಕೇ" ಎಂದು ಮಗಳನ್ನು ಗದರಿಸುತ್ತಿದ್ದರು. ಸೇತುವೆ ಬಿದ್ದ ಮೇಲೆ ಬೆಣ್ಣೆಯೂ ನಿಂತಿತು, ವಕಾಲತ್ತೂ ನಿಂತಿತು. ಗೌರಮ್ಮ ಮಾತ್ರ ದಿನಾ ಒಂದೇ ರಾಗ ಹಿಡಿದಳು. "ಊರೋರ ಸುದ್ದಿಯೆಲ್ಲ ಹಾಕ್ತೀರಿ. ನಮ್ಮಮ್ಮ ಮಗಳ ಮನೆಗೆ ಬರಂಗಿಲ್ಲ ಅನ್ನೋದು ಸುದ್ದಿ ಅಲ್ಲೇನ್ರಿ?" ಅತ್ತೆ ನಮ್ಮ ಮನೆಗೆ ಬಂದು ಒಂದು ವರ್ಷವೇ ಆಗಿತ್ತು. ಹೇಳುವುದಕ್ಕೇನು, ನನಗೂ ಬೇಜಾರಾಗಿತ್ತು.

ಸಂಪಾದಕರನ್ನು ಹೇಗೋ ಒಪ್ಪಿಸಿ, ಸ್ಟುಡಿಯೋದವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಆಳ ಎಷ್ಟಿದೆ ಎಂದು ಗೊತ್ತಾಗಲು ಚಿತ್ರದಲ್ಲಿ ಒಬ್ಬ ಮನುಷ್ಯ ಇರಬೇಕೆಂದ ಅವನು. ಮಾವ ಕುರಿಗಳ ಸಮೇತ ನಿಲ್ಲಲು ಹುರುಪಿನಿಂದ ಬಂದರು. ಆದರೆ ಕ್ಯಾಮೆರಾ ಕಂಡು ಒಂದು ಕುರಿ ಓಡಿತು. ಒಂದು ಓಡಿದ ಮೇಲೆ ಉಳಿದವು ನಿಂತಾವೆಯೇ? ಅವುಗಳ ಹಿಂದೆ ಮಾವನೂ ಓಡಿದರು. ಕೊನೆಗೆ ಉಳಿದವನು ನಾನು. ಕೊಡೆ ಎತ್ತಿ ಮುರುಕನ್ನು ತೋರಿಸುತ್ತ ನಿಂತೆ. ಮುಂದಿನ ತಿಂಗಳು ಮೊದಲ ಪುಟದಲ್ಲಿ ಚಿತ್ರ ಬಂತು: "ಸಂಬಂಧಪಟ್ಟವರು ಕಣ್ಣು ತೆರೆಯುವರೇ?" ಸಂಬಂಧಪಟ್ಟವರು ಕಣ್ಣು ತೆರೆಯಲಿಲ್ಲ. ಮಾವ ಮಾತ್ರ ಆ ಹಾಳೆಯನ್ನು ಮಡಿಸಿ ತಲೆಗೆ ಸುತ್ತಿದ ಪಟಗದೊಳಗೆ ಇಟ್ಟುಕೊಂಡು ಓಡಾಡಿದರು.

ಅಷ್ಟು ಕಷ್ಟಪಟ್ಟು ಮಾಡಿಸಿದ ಬ್ಲಾಕನ್ನು ಒಂದೇ ಸಲ ಬಳಸಿ ಗೂಡಿಗಿಡಲು ಸಂಪಾದಕರಿಗೆ ಮನಸ್ಸು ಬರಲಿಲ್ಲ. ಹಿರಿಯೂರು ತಾಲ್ಲೂಕಿನ ಧರ್ಮಪುರದ ದಾರಿಯಲ್ಲಿ ಒಂದು ಸೇತುವೆ ಬಿರುಕು ಬಿಟ್ಟಿದೆಯೆಂದು ಸುದ್ದಿ ಬಂದಾಗ, "ನಮ್ಮ ಸೇತುವೆ ತೆಗೀರಿ" ಅಂದರು. ನಾನು ಸಣ್ಣಗೆ ಕೊಸರಾಡಿದೆ. "ಏನ್ರಿ, ಸೇತುವೆ ಬಿದ್ದಿದ್ದು ಸುಳ್ಳಾ? ಸೇತುವೆ ಅಂದ್ರೆ ಸೇತುವೆ" ಎಂದು ಅವರು ಸಂಪಾದಕೀಯ ಓದತೊಡಗಿದರು. ಎತ್ತಿನ ನೆನಪಾಗಿ ನಾನೂ ಗೂಡಿಗೆ ಕೈ ಹಾಕಿದೆ. ಚಿತ್ರ ಬಂತು. ತಮಾಷೆ ಏನೆಂದರೆ, ಎರಡೇ ತಿಂಗಳಲ್ಲಿ ಧರ್ಮಪುರದ ಸೇತುವೆ ರಿಪೇರಿಯಾಯಿತು! ಅಲ್ಲಿ ಬಿಟ್ಟಿದ್ದದ್ದು ಬರೀ ಬಿರುಕು; ಚಿತ್ರದಲ್ಲಿದ್ದದ್ದು ಬಾಯ್ದೆರೆದ ಪಾತಾಳ. ಮೇಲಿನವರು ಅದನ್ನು ಕಂಡು ಬೆಚ್ಚಿ ಕೆಳಗಿನವರನ್ನು ಓಡಿಸಿದ್ದರು. ಸಂಪಾದಕರು ಮೀಸೆ ತಿರುವಿದರು. ಆಮೇಲೆ ಹೊಳಲ್ಕೆರೆ ಕಡೆ ಒಂದು ಮೋರಿ ಕುಸಿದಾಗ ಅವರು ಹೇಳುವುದನ್ನೂ ಕಾಯದೆ ನಾನೇ ಬ್ಲಾಕು ತೆಗೆದುಕೊಟ್ಟೆ. ಅದೂ ರಿಪೇರಿಯಾಯಿತು. ನಮ್ಮ ಅತ್ತೆಯ ಸೇತುವೆ ಊರೂರು ಸುತ್ತಿ ಉಪಕಾರ ಮಾಡುತ್ತಿತ್ತು. ಅದರ ಕಮಾನು ಮಾತ್ರ ಹಳ್ಳದಲ್ಲೇ ಬಿದ್ದಿತ್ತು.

ಇಷ್ಟರಲ್ಲಿ ನನ್ನ ಬೆನ್ನು ಸಾಕಷ್ಟು ಪ್ರಸಿದ್ಧವಾಗಿತ್ತು. ಭರಮಸಾಗರದ ಹೋಟೆಲಿನಲ್ಲಿ ಟೀ ಕುಡಿದು ಎದ್ದು ಹೊರಟರೆ, ಹಿಂದಿನಿಂದ ನೋಡಿದ ಮಾಲೀಕ, "ಸ್ವಾಮಿ, ನಮ್ಮೂರಾಗೆ ಏನು ಬಿತ್ರಿ?" ಎಂದು ಗಾಬರಿಯಾದ. ಹಿರಿಯೂರಿನ ಬಸ್ಸಿನಲ್ಲಿ ಕಂಡಕ್ಟರು, "ಮುಂದೊಂದು ಸೇತುವೆ ಐತೆ, ನೀವು ಇಳುದು ನಡಕಂಡು ಬರ್ರಿ, ನಮ್ಗ್ಯಾಕೆ ಬೇಕು" ಎಂದು ನಗೆಯಾಡಿದ. ನಿಜ ಹೇಳಬೇಕೆಂದರೆ ನನಗೆ ಇದೆಲ್ಲ ಹಿತವಾಗಿಯೇ ಇತ್ತು. ಕೊಡೆಗೆ ಹೊಸ ಬಟ್ಟೆ ಹಾಕಿಸಿದೆ.

ಎರಡನೆಯ ವರ್ಷ ಒಬ್ಬ ಮುಖಂಡರು ಹೊಸದುರ್ಗದ ಪ್ರವಾಸಿ ಮಂದಿರಕ್ಕೆ ಜನರ ಅಹವಾಲು ಕೇಳಲು ಬರುತ್ತಾರೆಂದು ಸುದ್ದಿಯಾಯಿತು. ಅವರು ಯಾವುದೋ ಸಮಿತಿಯ ಅಧ್ಯಕ್ಷರೋ, ಮಂಡಳಿಯ ಸದಸ್ಯರೋ ನನಗೆ ನೆನಪಿಲ್ಲ. ಆಗಲೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಾವ ಪಟಗದಿಂದ ಪತ್ರಿಕೆ ತೆಗೆದು, "ಅಳಿಯಂದ್ರೆ, ನೀವೂ ಬರ್ರಿ, ಹೋಗಾಣ. ಬರದೋರೇ ಮುಂದೆ ನಿಂತ್ರೆ ಅದರ ತೂಕನೇ ಬ್ಯಾರೆ" ಅಂದರು. ಹೋದೆವು. ಮುಖಂಡರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಎಂಜಿನಿಯರು ಫೈಲು ಹಿಡಿದು ನಿಂತಿದ್ದರು. ಮಾವ ಪತ್ರಿಕೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಎಂಜಿನಿಯರು ಅದನ್ನು ನೋಡಿದರು, ಫೈಲು ನೋಡಿದರು, ಮುಖದಲ್ಲಿ ನೆಮ್ಮದಿ ಮೂಡಿತು.

"ಈ ಸೇತುವೆ ರಿಪೇರಿ ಆಗೈತೆ ಸಾರ್" ಅಂದರು.

"ಎಲ್ಲಿ ಆಗೈತೆ ಸ್ವಾಮಿ? ಇವತ್ತು ಬೆಳಿಗ್ಗೆ ನಾನು ಅದೇ ಹಳ್ಳ ಇಳುದು ಬಂದೀನಿ" ಎಂದರು ಮಾವ.

ಎಂಜಿನಿಯರು ಫೈಲಿನಿಂದ ಎರಡು ಕತ್ತರಿಕೆಗಳನ್ನು ತೆಗೆದು ಮಾವನ ಹಾಳೆಯ ಪಕ್ಕದಲ್ಲಿಟ್ಟರು. ಒಂದು ಧರ್ಮಪುರದ್ದು, ಒಂದು ಹೊಳಲ್ಕೆರೆಯದು. ಮೂರರಲ್ಲೂ ಅದೇ ಕಮಾನು, ಅದೇ ಕೊಡೆ. "ನೀವೇ ನೋಡ್ರಿ. ಈ ಫೋಟೋದಾಗಿರೋ ಸೇತುವೆ ಒಂದಲ್ಲ, ಎರಡು ಸಲ ರಿಪೇರಿ ಆಗೈತೆ. ಎರಡಕ್ಕೂ ಕೆಲಸ ಮುಗಿದ ವರದಿ ಅವೆ. ಒಂದೇ ಸೇತುವೆನ ಮೂರನೇ ಸಲ ರಿಪೇರಿ ಮಾಡಿದ್ರೆ ನಾಳೆ ನನ್ನನ್ನ ಕೇಳಂಗಿಲ್ವಾ?"

"ಹಂಗಾದ್ರೆ ಬಂದು ಕಣ್ಣಾರೆ ನೋಡ್ರಿ."

"ಬರಬೇಕಂದ್ರೆ ಜೀಪು ಆ ಸೇತುವೆ ಮ್ಯಾಲೇ ಬರಬೇಕಲ್ರಿ. ಅದು ಬಿದ್ದೈತೆ ಅಂತ ನೀವೇ ಹೇಳ್ತೀರಿ."

ಮುಖಂಡರು ಮೂರೂ ಚಿತ್ರಗಳನ್ನು ಹತ್ತಿರ ಹಿಡಿದು ನೋಡಿ, "ಅಲ್ಲಪ್ಪ, ಈ ಕೊಡೆ ಹಿಡಿದು ನಿಂತಿರೋನು ಯಾರು? ಅವನನ್ನ ಕೇಳಿದ್ರೆ ಗೊತ್ತಾಗುತ್ತಲ್ಲ, ಇದು ಎಲ್ಲಿಯ ಸೇತುವೆ ಅಂತ" ಅಂದರು. ಇಡೀ ಮಂದಿರದಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ. ಆ ಕೊಡೆ ಆಗಲೂ ನನ್ನ ಕೈಯಲ್ಲಿತ್ತು. ನಾನು ಬಾಯಿ ಬಿಟ್ಟಿದ್ದರೆ ಸೇತುವೆಯ ಹಣೆಬರಹ ಅವತ್ತೇ ಬದಲಾಗುತ್ತಿತ್ತೋ ಏನೋ. ಆದರೆ ಪತ್ರಿಕೆಯ ಮರ್ಯಾದೆ, ನನ್ನ ಕೆಲಸ, ನನ್ನ ಬೆನ್ನಿನ ಕೀರ್ತಿ ಎಲ್ಲ ಒಟ್ಟಿಗೆ ಅಡ್ಡ ಬಂದವು. ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ಕೊಡೆಯನ್ನು ಬಾಗಿಲ ಸಂದಿಗೆ ಒರಗಿಸಿ, ಏನೂ ಅರಿಯದವನಂತೆ ಕೈಕಟ್ಟಿ ನಿಂತೆ. ಮಾವ ಒಮ್ಮೆ ತಿರುಗಿ ನನ್ನ ಕಡೆ ನೋಡಿದರು, ಅಷ್ಟೆ. ಮುಖಂಡರು ಮುಂದಿನ ಅಹವಾಲಿಗೆ ಕೈಚಾಚಿದರು.

ಬಸ್ ನಿಲ್ದಾಣದವರೆಗೆ ಮಾವ ಜೊತೆಗೆ ಬಂದರು. ನಾನು ದುರ್ಗದ ಬಸ್ಸು ಹತ್ತುವಾಗ ಅವರು ಕಂಬಳಿಯೊಳಗಿಂದ ನನ್ನ ಕೊಡೆ ತೆಗೆದರು. "ತಗಳ್ರಿ, ಅಲ್ಲೇ ಬಿಟ್ಟು ಬಂದಿದ್ರಿ. ಇದೇನು ತಪ್ಪು ಮಾಡೈತೆ?" ಅಂದರು. ದುರ್ಗ ಬರುವವರೆಗೂ ಆ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲೂ ನಾಚಿಕೆಯಾಯಿತು.

ಮರುದಿನ ಸಂಪಾದಕರ ಮುಂದೆ ನಿಂತು, ತಿದ್ದುಪಡಿ ಹಾಕಲೇಬೇಕೆಂದು ಹಟ ಹಿಡಿದೆ. ಅವರು, "ಆಯ್ತು, ಹಾಕೋಣ. ಜನರಿಗೆ ನಿಜವಾದ ಸೇತುವೆ ಯಾವುದು ಅಂತ ಗೊತ್ತಾಗಬೇಕು. ಜೊತೆಗೊಂದು ಚಿತ್ರ ಇರಲಿ" ಎಂದು ಗೂಡಿನ ಕಡೆ ಕೈಮಾಡಿದರು. ಆ ಚಿತ್ರ ನಾಲ್ಕನೆಯ ಸಲ ಬಂದರೆ ಎಂಜಿನಿಯರ ಫೈಲು ಇನ್ನಷ್ಟು ದಪ್ಪವಾಗುತ್ತದೆಂದು ಹೆದರಿ, ತಿದ್ದುಪಡಿಯ ಮಾತನ್ನೇ ಕೈಬಿಟ್ಟೆ.

ಆ ಬೇಸಿಗೆಯಲ್ಲಿ ಮಾವನಿಂದ ಕಾಗದ ಬಂತು. ಊರಿನವರೇ ಸೇರಿ ಸೇತುವೆ ಕಟ್ಟುತ್ತಿದ್ದಾರೆ, ಬರಬೇಕು ಎಂದು ಯಾರ ಕೈಯಲ್ಲೋ ಬರೆಸಿದ್ದರು. ನಮ್ಮ ಸೀಮೆಯಲ್ಲಿ ಮಳೆಗೆ ಬರ ಇರಬಹುದು, ಕಲ್ಲಿಗಿಲ್ಲ. ಗೌರಮ್ಮನ ಜೊತೆ ಹೋದೆ. ಇಡೀ ಊರು ಹಳ್ಳದಲ್ಲಿತ್ತು. ಗಂಡಸರು ಉದ್ದುದ್ದ ಚಪ್ಪಡಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರು, ಹೆಂಗಸರು ಪುಟ್ಟಿಯಲ್ಲಿ ಮಣ್ಣು ಸಾಗಿಸುತ್ತಿದ್ದರು. ಗೌರಮ್ಮ ಬಸ್ಸಿಳಿದವಳೇ ಸೆರಗು ಸಿಕ್ಕಿಸಿಕೊಂಡು ಹಳ್ಳಕ್ಕಿಳಿದಳು. ನಾನು ದಡದ ಮೇಲೆ ನಿಂತು ಕೊಡೆ ಎತ್ತಿ, ಬಲಗಡೆಯ ಚಪ್ಪಡಿ ಕೊಂಚ ಓರೆಯಾಗಿದೆ ಎಂದು ತೋರಿಸಿದೆ.

ಊರಿನ ಕಡೆಯ ದಡದಲ್ಲಿ ಅತ್ತೆ ಕೂತಿದ್ದರು. ಮಂಡಿಗೆ ಬಟ್ಟೆ ಸುತ್ತಿಕೊಂಡು, ಕೂತಲ್ಲೇ ಸಣ್ಣ ಕಲ್ಲುಗಳನ್ನು ಆರಿಸಿ ಪುಟ್ಟಿಗೆ ತುಂಬಿಕೊಡುತ್ತಿದ್ದರು. ಹಳ್ಳ ದಾಟಿ ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದರು. ಆ ಬೆವರು ಬಿಸಿಲಿನದು, ಕೆಲಸದ್ದಲ್ಲ.

"ಅಳಿಯಂದ್ರೆ, ಪೇಪರ್‍ನಾಗೆ ನೋಡೀನಿ. ಎಲ್ಲಾ ಊರಾಗೂ ಹಿಂಗೇ ನಿಂತಿದ್ರಿ" ಅಂದರು. ಅವರ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ, ಹೆಮ್ಮೆಯೇ ಇತ್ತು. ಅದಕ್ಕೇ ನಾಟಿತು. "ಅಲ್ಲೆಲ್ಲ ನೀವೂ ಒಂದೊಂದು ಕಲ್ಲು ಹಾಕಿದ್ರಾ?"

ನಾನು ಕೊಡೆಯನ್ನು ಅವರ ಪಕ್ಕ ಮಲಗಿಸಿ ಹಳ್ಳಕ್ಕಿಳಿದೆ. ಎಷ್ಟು ಕಲ್ಲು ಹೊತ್ತೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಆಮೇಲೆ ಸೊಂಟ ಹಿಡಿದು ಮೂರು ದಿನ ಮಲಗಿದೆನೆಂದು ಹೇಳಿದರೆ ಸಾಕು. ಕೆಲಸ ಮುಗಿದ ದಿನ ಬಸ್ಸಿನ ಡ್ರೈವರು ಪ್ರಯಾಣಿಕರನ್ನೆಲ್ಲ ಕೆಳಗಿಳಿಸಿ, ಖಾಲಿ ಬಸ್ಸನ್ನು ದೇವರ ಹೆಸರು ಹೇಳಿಕೊಂಡು ದಾಟಿಸಿದ. ಊರಿಂದ ಮರಳಿ ದಾಟುವಾಗಲೂ ಹಾಗೇ ಎಲ್ಲರನ್ನೂ ಇಳಿಸಿದ; ಇಳಿಯದೆ ಕೂತಿದ್ದವರು ನಮ್ಮ ಅತ್ತೆ ಒಬ್ಬರೇ. "ಇಳ್ಯಕ್ಕೆ ಮಂಡಿ ಬರಂಗಿಲ್ಲ, ಹೊಡಿಯಪ್ಪ" ಅಂದರಂತೆ. ಅದೇ ಬಸ್ಸಿನಲ್ಲಿ ದುರ್ಗಕ್ಕೆ ಬಂದರು. ಜೊತೆಯಲ್ಲಿ ಒಂದು ಚೀಲ ರಾಗಿ, ಶೇಂಗಾ, ಬೆಣ್ಣೆ. ಸಂಪಾದಕರು ಇದನ್ನು ದೊಡ್ಡ ಸುದ್ದಿ ಮಾಡಬೇಕೆಂದು ಬ್ಲಾಕು ಕೇಳಿದರು. ಕಳೆದುಹೋಗಿದೆ ಎಂದೆ. ನನ್ನ ಪತ್ರಕರ್ತ ಜೀವನದಲ್ಲಿ ಗೊತ್ತಿದ್ದೂ ಹೇಳಿದ ಒಳ್ಳೆಯ ಸುಳ್ಳು ಅದೊಂದೇ ಎಂದುಕೊಂಡಿದ್ದೇನೆ.

ಗೂಡಿನಿಂದ ಎತ್ತಿ ಚೀಲದಲ್ಲಿ ಹಾಕಿಕೊಂಡು ತಂದಿದ್ದ ಬ್ಲಾಕು ನಮ್ಮ ಮನೆಯಲ್ಲೇ ಇತ್ತು. ಅತ್ತೆ ತಂದ ರಾಗಿಯನ್ನು ಗೌರಮ್ಮ ತಗಡಿನ ದೊಡ್ಡ ಡಬ್ಬಕ್ಕೆ ತುಂಬಿದಳು. ಅಡುಗೆಮನೆಯ ನೆಲ ತಗ್ಗುದಿಣ್ಣೆ, ಡಬ್ಬ ಅಲುಗಾಡುತ್ತಿತ್ತು. ಅತ್ತೆ ಸುತ್ತ ನೋಡಿ, ನನ್ನ ಚೀಲದಿಂದ ಆ ಮರದ ತುಂಡನ್ನು ತೆಗೆದು ಕೆಳಗೆ ತುರುಕಿದರು. ಡಬ್ಬ ಗಟ್ಟಿಯಾಗಿ ನಿಂತಿತು. ಇವತ್ತಿಗೂ ಅದು ಅಲ್ಲೇ ಇದೆ. ಕಸ ಗುಡಿಸುವಾಗ ಗೌರಮ್ಮ ಡಬ್ಬ ವಾಲಿಸಿ ಅದನ್ನು ಒರೆಸಿದರೆ, ನಾನು ಒಮ್ಮೊಮ್ಮೆ ಬಗ್ಗಿ ನೋಡುತ್ತೇನೆ. ಸತುವಿನ ಮೇಲೆ ಮುರಿದ ಕಮಾನು, ಅದರ ಮುಂದೆ ಕೊಡೆ ಹಿಡಿದ ನಾನು, ನಮ್ಮಿಬ್ಬರ ಮೇಲೆ ಒಂದು ಡಬ್ಬ ರಾಗಿ. ಇಬ್ಬರೂ ಕೊನೆಗೂ ಏನೋ ಒಂದು ಭಾರ ಹೊತ್ತಿದ್ದೇವೆ.