ಹೊಸ ಮಂಡಿಗೆ ಜಗಲಿಯ ನೆಲ ದೂರ

ಈಚೆಗೆ ಬೆಳಗ್ಗೆ ಎದ್ದ ತಕ್ಷಣ ನಾನು ದೇವರ ಪಟಕ್ಕಿಂತ ಮುಂಚೆ ನೋಡುವುದು ನನ್ನ ಬಲ ಮಂಡಿಯನ್ನು. ಇವತ್ತೂ ಹಾಗೇ ಆಯಿತು. ಹೊದಿಕೆ ಸರಿಸಿ, ಎರಡೂ ಕಾಲು ಜೋಡಿಸಿಟ್ಟು, ರಾತ್ರಿಗಿಂತ ಊತ ಇಳಿದಿದೆಯೇ ಎಂದು ಹೋಲಿಸಿದೆ. ಆಮೇಲೆ ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಿ ಹಿಡಿಯುವ ವ್ಯಾಯಾಮ. 'ಬಾಯಲ್ಲಿ ಎಣಿಸ್ಕೊಳ್ಳಿ ಆಂಟಿ' ಎಂದು ಫಿಸಿಯೋಥೆರಪಿಯ ಹುಡುಗಿ ಕಲಿಸಿಕೊಟ್ಟಿದ್ದಾಳೆ. ನಾನು ಸ್ವಲ್ಪ ಜೋರಾಗಿಯೇ ಎಣಿಸುತ್ತೇನೆ, ಮನೆಯೊಳಗೆ ಯಾರೋ ಮಾತಾಡುತ್ತಿರುವ ಹಾಗಾದರೂ ಇರಲಿ ಎಂದು. ಅಷ್ಟು ಹೊತ್ತಿಗೆ ನಮ್ಮ ಯಜಮಾನರು ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೊರಟು ನಿಂತಿರುತ್ತಾರೆ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಯೋಗಕ್ಷೇಮ ಹೇಳಬಲ್ಲ ಮನುಷ್ಯ, ನನ್ನನ್ನು 'ಹೇಗಿದೆ ಕಾಲು?' ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡುಬಿಡುತ್ತಾರೆ. ನನ್ನ ಕಾಲು ಹೇಗಿದೆ ಎಂಬುದು ಆ ಹೆಲ್ಮೆಟ್ಟಿಗೆ ಚೆನ್ನಾಗಿ ಗೊತ್ತು.

ಮಂಡಿ ಬದಲಾಯಿಸುತ್ತಾರೆ ಎಂದಾಗ, ಹಳೆಯದನ್ನು ಪೂರ್ತಿ ಕಿತ್ತು ಹೊಸದನ್ನು ಕೂರಿಸುತ್ತಾರೆ ಎಂದೇ ನಾನು ಭಾವಿಸಿದ್ದೆ. ಹಾಗೇನಿಲ್ಲವಂತೆ. ಸವೆದ ಮೂಳೆಯ ತುದಿಗಳನ್ನು ಒಂದಿಷ್ಟು ಒಪ್ಪ ಮಾಡಿ, ಹಲ್ಲಿಗೆ ಕ್ಯಾಪ್ ಹಾಕುವ ಹಾಗೆ ಲೋಹದ ಕವಚ ಹಾಕಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಮೆತ್ತೆ ಇಡುತ್ತಾರೆ. ಡಾಕ್ಟರು ಮೇಜಿನ ಮೇಲಿದ್ದ ಮಾದರಿಯನ್ನು ಮಡಚಿ ಬಿಡಿಸಿ ತೋರಿಸಿದರು. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಪಾಠ ಮುಗಿದ ಮೇಲೆ ಪ್ರಶ್ನೆ ಕೇಳದವರು ಪಾಠ ಕೇಳಿಯೇ ಇಲ್ಲ ಎಂಬುದು ಅಲ್ಲಿನ ಸಿಸ್ಟರುಗಳ ತೀರ್ಮಾನವಾಗಿತ್ತು. ಹಾಗಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದೊಂದಾಗಿ ಕೇಳಿದೆ. ಅರಿವಳಿಕೆ ಹೇಗೆ, ಗಾಯಕ್ಕೆ ಸೋಂಕಾದರೆ ಏನು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದಂತೆ ನಿಜವೇ, ಕವಚ ಎಷ್ಟು ಕಾಲ ಬಾಳಿಕೆ ಬರುತ್ತದೆ. ಅಪಾಯ ಇಲ್ಲವೇ ಇಲ್ಲ ಎಂದು ಅವರು ಹೇಳಲಿಲ್ಲ. ಅದಕ್ಕೇ ಮೊದಲು ಶುಗರ್, ಹೃದಯ ಎಲ್ಲ ಪರೀಕ್ಷೆ ಮಾಡುತ್ತೇವೆ, ರಕ್ತ ತೆಳುವಾಗಲು ಔಷಧಿ ಕೊಡುತ್ತೇವೆ, ಮಾರನೆಯ ದಿನವೇ ಎಬ್ಬಿಸಿ ನಡೆಸುತ್ತೇವೆ ಎಂದರು. ನಿಜಕ್ಕೂ ನಡೆಸಿದರು. ವಾಕರ್ ಹಿಡಿದು ಮೊದಲ ಹೆಜ್ಜೆ ಇಟ್ಟಾಗ ಆದ ನೋವಿಗೆ ನನ್ನ ಬಾಯಿಂದ ಬಂದ ಮಾತು ಕಾನ್ವೆಂಟಿನಲ್ಲಿ ಕಲಿತದ್ದಾಗಿರಲಿಲ್ಲ.

ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಯಾಕೆಂದರೆ ಅದನ್ನು ಕೇಳಿದರೆ ಡಾಕ್ಟರು ನಗುತ್ತಾರೆ ಎಂಬ ಸಂಕೋಚ. ನಾನು ಆಪರೇಷನ್ ಮಾಡಿಸಿಕೊಂಡದ್ದು ನಡೆಯುವುದಕ್ಕಲ್ಲ, ಕೂರುವುದಕ್ಕೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ, ಎದುರು ಮನೆಯ ಜಯಮ್ಮನ ಜಗಲಿಯ ಮೇಲೆ, ಸಂಜೆ ಹೊತ್ತು ಹೆಂಗಸರು ನೆಲದ ಮೇಲೆ ಸುತ್ತ ಕೂತು ಸೊಪ್ಪು ಬಿಡಿಸುತ್ತಾರೆ, ಹುಣಸೆಹಣ್ಣು ಬಿಡಿಸುತ್ತಾರೆ, ಚಳಿಗಾಲದಲ್ಲಿ ಅವರೆಕಾಯಿ ಸುಲಿದು ಕಾಳು ಹಿದುಕುತ್ತಾರೆ. ಕೆಲಸ ಒಂದು ನೆಪ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅಲ್ಲಿ ಕುರ್ಚಿ ಹಾಕಿ ಕೊಡುತ್ತಿದ್ದರು. ಇಂಗ್ಲಿಷ್ ಓದಿದ ಸೊಸೆ, ಸೀರೆ ಕೊಳೆಯಾಗಬಾರದು ಎಂದು. ಆ ಕುರ್ಚಿಯಿಂದ ಕೆಳಗಿಳಿಯಲು ನನಗೆ ವರ್ಷಗಳೇ ಬೇಕಾದವು. ಕೊನೆಗೊಂದು ದಿನ ನಾನಾಗಿಯೇ ಚಕ್ಕಳಮಕ್ಕಳ ಹಾಕಿ ಕೂತು ಒಂದು ಹಿಡಿ ಅವರೆಕಾಯಿ ಮಡಿಲಿಗೆ ಎಳೆದುಕೊಂಡಾಗ, ಪಕ್ಕದ ಮನೆಯ ಸಾಕಮ್ಮ ನನ್ನ ತೊಡೆಗೆ ತಟ್ಟಿ 'ಒಸಿ ಅತ್ತಗ್ ಸರೀರಿ' ಎಂದಳು. ಯಾವ ಸನ್ಮಾನದಲ್ಲೂ ನನಗೆ ಅಷ್ಟು ಸುಖವಾಗಲಾರದು. ಮಂಡಿ ಹೋದ ಮೇಲೆ ಕೂರುವುದು ತಪ್ಪಿತು. ಬೀದಿ ದಾಟುವುದೂ ತಪ್ಪಿತು.

ಮನೆಗೆ ಕಳಿಸುವ ದಿನ ಡಾಕ್ಟರು ಬಹಳ ಖುಷಿಯಾಗಿದ್ದರು. "ವಾಕಿಂಗ್ ಹೋಗಿ, ಮೆಟ್ಟಿಲು ಹತ್ತಿ, ಮದುವೆಮನೆಗೆಲ್ಲ ಹೋಗಿಬನ್ನಿ. ನೆಲದ ಮೇಲೆ ಕೂರೋದೊಂದು ಬೇಡಮ್ಮ, ಕುಕ್ಕರಗಾಲೂ ಬೇಡ."

"ಎಷ್ಟು ದಿನ ಡಾಕ್ಟರೇ?"

"ಇನ್ನು ಯಾವಾಗಲೂ ಬೇಡ ಅಂತಲೇ ಇಟ್ಕೊಳ್ಳಿ. ಬೇಗ ಸವೆದುಹೋಗುತ್ತೆ."

ನಾನು 'ಥ್ಯಾಂಕ್ಯೂ ಡಾಕ್ಟರ್' ಎಂದೆ. ಕಾನ್ವೆಂಟು ಎಂಥ ಹೊತ್ತಿನಲ್ಲೂ ಕೈಬಿಡುವುದಿಲ್ಲ.

ಮೊದಮೊದಲು ನೋಡಲು ಬಂದವರಿಗೆ ಲೆಕ್ಕವಿಲ್ಲ. ಹಾಸನಕ್ಕೆ ಕೊಟ್ಟಿರುವ ಮಗಳು ಬಂದು ಇದ್ದಳು, ಅವಳ ಮಕ್ಕಳ ಪರೀಕ್ಷೆ ಬರುವವರೆಗೆ. ಬಂದವರು ತಂದ ಬ್ರೆಡ್ಡು, ಮೂಸಂಬಿಗಳಿಂದ ಒಂದು ಅಂಗಡಿ ಇಡಬಹುದಿತ್ತು. ಎಲ್ಲರಿಗೂ ಗಾಯದ ಗೆರೆ ನೋಡಬೇಕು, ಒಂದು ಕಥೆ ಹೇಳಬೇಕು. ಸಾಕಮ್ಮ ಮಂಚದ ಪಕ್ಕ ಕೂತು, "ನಮ್ ಸಾತನೂರ್ ಚಿಕ್ಕವ್ವಂಗೂ ಇದೇ ಮಾಡಿದ್ರು ಕಣಕ್ಕ" ಎಂದಳು. "ಈಗ ಹೇಗಿದ್ದಾರೆ?" ಎಂದೆ ಆಸೆಯಿಂದ. "ಅವ್ರು ಹೋಗ್ಬುಟ್ರು, ವಯಸ್ಸಾಗಿತ್ತು. ಮಂಡಿ ಮಾತ್ರ ಕೊನೇಗಂಟ ಕಲ್ಲಿದ್ದಂಗಿತ್ತು" ಎಂದು ಧೈರ್ಯ ಹೇಳಿದಳು. ಆಮೇಲೆ ನಾನು ವಾಕರ್ ಬಿಟ್ಟು ಕೋಲು ಹಿಡಿದೆ. ನಡೆದಾಡುವ ರೋಗಿಯನ್ನು ನೋಡಲು ಯಾರೂ ಬರುವುದಿಲ್ಲ. ಗಾಯದ ಪಕ್ಕದ ಚರ್ಮಕ್ಕೆ ಇನ್ನೂ ಸ್ಪರ್ಶ ಗೊತ್ತಾಗುವುದಿಲ್ಲ, ಮೆಟ್ಟಿಲಿಳಿಯುವಾಗ ಒಳಗೆ 'ಟಕ್' ಎನ್ನುತ್ತದೆ. ಇವೆಲ್ಲ ಸಹಜ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಆದರೂ ಆ 'ಟಕ್' ಅನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಸಂಜೆ ಹೊತ್ತು ಎದುರು ಜಗಲಿಯಿಂದ ಅವರೆಯ ಸೊಗಡು ಗಾಳಿಯಲ್ಲಿ ಬಂದರೆ ನಾನು ಕಿಟಕಿ ಹಾಕಿಬಿಡುತ್ತಿದ್ದೆ.

ಇವತ್ತು ಸಂಜೆ ಹಾಕಲಿಲ್ಲ. ತಲೆ ಬಾಚಿ, ಬೇರೆ ಸೀರೆ ಉಟ್ಟು, ಕೋಲೂರಿಕೊಂಡು ಬೀದಿ ದಾಟಿದೆ.

"ಅಯ್ಯೋ ಅಕ್ಕಾ, ನಡ್ಕಂಡೇ ಬಂದ್ಬುಟ್ರಾ!" ಎಂದು ಜಯಮ್ಮ ಎದ್ದಳು. "ಇರಿ ಇರಿ, ಚೇರ್ ತತ್ತೀನಿ."

ಪ್ಲಾಸ್ಟಿಕ್ ಕುರ್ಚಿ ಬಂತು. ಕೂತೆ. ಅಲ್ಲಿಗೆ ನಾನು ಮತ್ತೆ ಹೊಸ ಸೊಸೆಯಾದೆ. ಮೇಲಿನಿಂದ ಕಾಣುವುದು ಬೈತಲೆಗಳು ಮಾತ್ರ. ಯಾರು ಬಣ್ಣ ಹಚ್ಚುತ್ತಾರೆ, ಯಾರು ಹಚ್ಚಲು ಮರೆತಿದ್ದಾರೆ ಎಂಬಷ್ಟು ಜ್ಞಾನ ಬಿಟ್ಟರೆ ಇನ್ನೇನೂ ದಕ್ಕುವುದಿಲ್ಲ. ಜಗಲಿಯ ಮಾತು ನೆಲದ ಮಟ್ಟದಲ್ಲಿ, ಮಡಿಲಿನಿಂದ ಮಡಿಲಿಗೆ ಹರಿಯುತ್ತದೆ. ಕುರ್ಚಿಯ ಕಾಲಿನ ತನಕ ಬಂದು ಹಾಗೇ ಹಿಂದಕ್ಕೆ ಹೋಗುತ್ತದೆ. ಬಗ್ಗಿ 'ಏನಂತೆ?' ಎಂದೆ. "ಏನಿಲ್ಲ ಅಕ್ಕ, ಸುಮ್ಕೆ" ಎಂದು ಗೌರವವಾಗಿ ಉತ್ತರ ಕೊಟ್ಟರು. ಗೌರವಕ್ಕಿಂತ ದೊಡ್ಡ ಬೇಲಿ ಇನ್ನೊಂದಿಲ್ಲ. ಸರಿ, ಕೆಲಸವಾದರೂ ಮಾಡೋಣ ಎಂದು ನೆನೆಸಿದ ಕಾಳಿನ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಹಿದುಕಿದೆ. ಆ ಎತ್ತರದಿಂದ ಬೇಳೆ ಪುಳಕ್ಕೆಂದು ಹಾರಿ ಸಾಕಮ್ಮನ ತುರುಬಿನಲ್ಲಿ ಕೂತಿತು. ಎರಡನೆಯದೂ ಅಲ್ಲಿಗೇ ಹೋಯಿತು. "ಬುಡಿ ಅಕ್ಕ, ಆರಾಮಾಗಿ ಕೂತ್ಕಳಿ" ಎಂದು ಬಟ್ಟಲು ಇಸಿದುಕೊಂಡರು.

ಅಷ್ಟರಲ್ಲಿ ಜಯಮ್ಮ ತನ್ನ ಅತ್ತೆ ನಿಂಗಮ್ಮನವರ ಅಣಕ ಮಾಡತೊಡಗಿದಳು. ಅವರು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಿದ್ದರಂತೆ. ಮೂತಿ ಸೊಟ್ಟ ಮಾಡಿದಳು, ಸೊಂಟದ ಮೇಲೆ ಕೈ ಇಟ್ಟಳು, ಮಾತು ಮಾತ್ರ ಪಿಸುಗುಟ್ಟಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಕೇಳಿಸಿರಲಿಲ್ಲ. ಆದರೂ ನಕ್ಕೆ, ಎಲ್ಲರ ನಗು ಮುಗಿದ ಮೇಲೆ, ಒಬ್ಬಳೇ. ಕಣ್ಣಲ್ಲಿ ನೀರು ಬರುವ ಹಾಗಾಯಿತು. ಅದನ್ನು ಯಾರೂ ನೋಡಬಾರದೆಂದು ಮುಖ ತಿರುಗಿಸಿ ಬೀದಿಯ ಕೊನೆಗೆ ದೃಷ್ಟಿ ನೆಟ್ಟೆ. ತಿರುವಿನಲ್ಲಿ ಆಟೋ ನಿಂತಿತು. ಕೈಯಲ್ಲಿ ಹಣ್ಣುಕಾಯಿ ಚೀಲ ಹಿಡಿದು ಇಳಿಯುತ್ತಿದ್ದವರು ಸಾಕ್ಷಾತ್ ನಿಂಗಮ್ಮ.

"ಜಯಾ, ನಿಮ್ಮತ್ತೆ" ಎಂದೆ.

ಜಯಮ್ಮನ ಮೂತಿ ಆ ಕ್ಷಣದಲ್ಲೇ ನೆಟ್ಟಗಾಯಿತು. ಸೊಂಟದ ಕೈ ಮೊರಕ್ಕೆ ಇಳಿಯಿತು. ನಿಂಗಮ್ಮ ಬಂದು ನಿಂತಾಗ ಜಗಲಿಯ ಮೇಲೆ ಕಾಳು ಹಿದುಕುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

"ಏನವ್ವಾ ಅದು, ರಸ್ತೆಗಂಟ ಕೇಳುಸ್ತಿತ್ತು ನಗ?"

"ಏನಿಲ್ಲ ಕಣತ್ತೆ" ಎಂದಳು ಸಾಕಮ್ಮ. "ಅಕ್ಕ ಆಪ್ರೇಸನ್ ವಿಚಾರ ಯೋಳ್ತಿದ್ರು."

"ಆಪ್ರೇಸನ್‌ಗೆ ನಗ್ತಾರೇನೇ?" ಎಂದವರು, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಂದೂ ಎರಡೂ ಮಂಡಿ ಹೋಗ್ಬುಟ್ಟವೆ ಕಣವ್ವ. ಮಾಡುಸ್ಕಬೋದಾ? ಜೀವಕ್ಕೇನೂ ಆಗಕಿಲ್ವಾ?"

ಎಲ್ಲರೂ ತಲೆಯೆತ್ತಿ ನನ್ನನ್ನೇ ನೋಡಿದರು. ಹೇಳಿದೆ. ಶುಗರ್, ಹೃದಯ ನೋಡಿ ಡಾಕ್ಟರು ಒಪ್ಪಿದರೆ ಅಷ್ಟು ಹೆದರಬೇಕಾಗಿಲ್ಲ. ಮೊದಲ ವಾರಗಳ ನೋವು ಮಾತ್ರ ನೋವೇ. ವ್ಯಾಯಾಮ ಬಿಟ್ಟರೆ ಕಾಲು ಮಡಚುವುದಿಲ್ಲ. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಬಾತು ನೋಯತೊಡಗಿದರೆ, ಎದೆ ಹಿಡಿದು ಉಸಿರು ಸಿಗದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

"ಆಮ್ಯಾಕೆ ನೆಲದ್ ಮ್ಯಾಲೆ ಕೂರಬೋದಾ?" ಎಂದರು ನಿಂಗಮ್ಮ.

ನಾನು ಡಾಕ್ಟರ ಮುಂದೆ ನುಂಗಿಕೊಂಡ ಪ್ರಶ್ನೆಯನ್ನು ಅವರು ಹಣ್ಣುಕಾಯಿ ಚೀಲ ಕೆಳಗಿಡುವ ಮೊದಲೇ ಕೇಳಿದ್ದರು. "ಇಲ್ಲ" ಎಂದೆ. ನನ್ನ ದನಿ ನನಗೇ ಬಹಳ ಸಣ್ಣದಾಗಿ ಕೇಳಿಸಿತು. ಅವರು ನನ್ನನ್ನು, ಕುರ್ಚಿಯನ್ನು, ಕೆಳಗೆ ಕೂತವರನ್ನು ಒಂದು ಸಲ ನೋಡಿ, "ಯೋಚ್ನೆ ಮಾಡ್ಬೇಕು ಕಣವ್ವ" ಎಂದು ಒಳಗೆ ಹೋದರು.

ದೀಪ ಹಚ್ಚುವ ಹೊತ್ತಾಗಿತ್ತು. ನಾನು ಕೋಲೂರಿ ಎದ್ದೆ, ಇನ್ನು ಈ ಜಗಲಿಗೆ ಬರುವುದು ಬೇಡ ಎಂದುಕೊಂಡು. ಜಯಮ್ಮ ಸಿಪ್ಪೆ ಗುಡಿಸುತ್ತ, ತಲೆ ಕೂಡ ಎತ್ತದೆ, ಒಳಗಿನವರಿಗೆ ಕೇಳದ ಹಾಗೆ ಹೇಳಿದಳು: "ನಾಳೀಕೆ ಒಸಿ ಬ್ಯಾಗ್ನೆ ಬಂದ್ಬುಡಿ ಅಕ್ಕಾ. ಬೀದಿ ನೋಡ್ಕಳಕ್ಕೆ ನೀವು ಮ್ಯಾಲ್ಗಡೆ ಕೂತಿಲ್ದಿದ್ರೆ, ನಮ್ಗೆ ಧೈರ್ಯವಾಗಿ ಮಾತಾಡಕ್ಕೇ ಆಗಕಿಲ್ಲ."