ಗಿರಿಜೆಯ ಕಡೆಯ ಗಾಜು

ಯಾವುದಾದರೂ ವಸ್ತು ಪೂರ್ತಿ ಕೆಟ್ಟುಹೋದರೆ ನನಗೆ ಅಷ್ಟೇನೂ ಬೇಸರವಾಗುವುದಿಲ್ಲ. ಕೆಟ್ಟಿತು ಎಂದು ಕೈತೊಳೆದುಕೊಂಡು ಸುಮ್ಮನಾಗಬಹುದು. ಆದರೆ ಅರ್ಧ ಕೆಟ್ಟು ಅರ್ಧ ಕೆಲಸ ಮಾಡುವ ವಸ್ತುವಿದೆಯಲ್ಲ, ಅದು ನನ್ನ ನೆಮ್ಮದಿ ಕೆಡಿಸುತ್ತದೆ. ನಿಂತುಹೋದ ಗಡಿಯಾರವನ್ನು ವರ್ಷಗಟ್ಟಲೆ ಗೋಡೆಯ ಮೇಲೆ ಬಿಟ್ಟಿದ್ದೇನೆ. ತುಸು ಹಿಂದೆ ಓಡುತ್ತಿದ್ದ ಇನ್ನೊಂದನ್ನು ಮಾತ್ರ ಬಿಚ್ಚಿ, ಅದೂ ನಿಲ್ಲುವಂತೆ ಮಾಡಿದ್ದೇನೆ. ಇಂಥವನ ಪಾಲಿಗೆ ಗಾಜು ನಿಧಾನವಾಗಿ ಏರುವ ಕಾರೊಂದು ಬಂತು.

ಶಿಕಾರಿಪುರದಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಕಾರು ಮೊದಲು ಅಕ್ಕಿ ಗಿರಣಿಯ ಸಾಹುಕಾರರೊಬ್ಬರದಾಗಿತ್ತು. ಆ ಕಾಲಕ್ಕೆ ಗುಂಡಿ ಒತ್ತಿದರೆ ಗಾಜು ಏರುವ ಕಾರು ತಾಲ್ಲೂಕಿನಲ್ಲಿ ಅದೊಂದೇ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆ ಮಾದರಿ ಈಗ ತಯಾರಾಗುವುದಿಲ್ಲ. ದಾರಿಯಲ್ಲಿ ಕಂಡವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಂಜಿನ್ನು, ಬ್ರೇಕು ಎಲ್ಲ ಸರಿಯಾಗಿವೆ. ಗಾಜು ಮಾತ್ರ, ಅದರಲ್ಲೂ ಮುಂದಿನ ಎಡಬಾಗಿಲಿನದು, ಅಂದರೆ ನನ್ನ ಹೆಂಡತಿ ಗಿರಿಜೆ ಕೂರುವ ಕಡೆಯದು, ಮದುವೆ ಊಟ ಮುಗಿಸಿದವರು ಮೆಟ್ಟಿಲು ಹತ್ತುವಂತೆ ಏರುತ್ತಿತ್ತು. ನನ್ನ ಬಾಗಿಲಿನಲ್ಲಿದ್ದ ಅದರ ಗುಂಡಿ ಒತ್ತಿ, ಬೆಲ್ಟು ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ತಿರುಗಿದರೆ ಇನ್ನೂ ಅವಳ ಗಲ್ಲದ ಮಟ್ಟದಲ್ಲಿರುತ್ತಿತ್ತು. ಪೂರ್ತಿ ಮುಚ್ಚುವ ಮುಂಚೆ ಗಾಡಿ ಬಿಡುವಂತಿರಲಿಲ್ಲ; ಕುಲುಕಾಟಕ್ಕೆ ಗಾಜು ಜಾರಿ ಬಾಗಿಲೊಳಗೆ ಬಿದ್ದುಹೋದೀತೆಂಬ ಭಯ.

ನಮ್ಮ ಕಡೆ ಬೋರ್‌ವೆಲ್ ಇರುವವರೆಲ್ಲ ಮೋಟಾರಿನ ವಿಷಯದಲ್ಲಿ ಡಾಕ್ಟರುಗಳು. ಅಂಗಡಿಗೆ ಬಂದವರಿಗೆ ಗೊಬ್ಬರಕ್ಕಿಂತ ನನ್ನ ಗಾಜೇ ಮುಖ್ಯವಾಯಿತು. ಒಬ್ಬರು ವೈಂಡಿಂಗ್ ಮಾಡಿಸಲು ಹೇಳಿದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ಬಿಡಲು ಹೇಳಿದರು. ಈಸೂರು ಕಡೆಯ ಬಸವಣ್ಯಪ್ಪನವರು ಕಾರಿನ ಸುತ್ತ ಒಂದು ಸುತ್ತು ಬಂದು, "ವೋಲ್ಟೇಜ್ ಸಾಲವಲ್ದುರೀ. ನಡುರಾತ್ರಿ ಮೇಲೆ ಒತ್ತಿ ನೋಡ್ರಿ, ಚಲೋ ಎತ್ತತೈತಿ" ಎಂದರು. ಅವರ ಪಂಪ್‌ಸೆಟ್ಟಿಗೆ ಒಳ್ಳೆಯ ಕರೆಂಟು ಬರುವುದು ಆ ಹೊತ್ತಿಗೆ. ಕಾರಿಗೆ ಅದರದೇ ಬ್ಯಾಟರಿ ಇದೆ ಎಂದರೆ, "ಇರ್ಲಿ ಬಿಡ್ರಿ, ನೋಡೋದ್ರಾಗೆ ಏನು ಹೋಗ್ತೈತಿ" ಎಂದರು.

ಇನ್ನು ಸೊರಬದ ವಿಷಯ. ಅಲ್ಲಿ ಗಿರಿಜೆಯ ಅಕ್ಕ, ಸರೋಜಕ್ಕನ ಮನೆ. ನನ್ನ ಅತ್ತೆಯವರೂ ಅಲ್ಲೇ ಇರುವುದರಿಂದ ತಿಂಗಳಿಗೊಮ್ಮೆ ಹೋಗಲೇಬೇಕು. ಆದರೆ ಅಕ್ಕತಂಗಿಯರಿಗೆ ಮಾತು ನಿಂತು ಎರಡು ವರ್ಷವಾಗಿತ್ತು. ಸರೋಜಕ್ಕ ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಊರವರನ್ನೆಲ್ಲ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದು, ತಂಗಿಗೆ ಮಾತ್ರ ಆಮಂತ್ರಣ ಪತ್ರಿಕೆಯ ಫೋಟೊವನ್ನು ಮೊಬೈಲಿಗೆ ಕಳಿಸಿಬಿಟ್ಟರು. ಒಡಹುಟ್ಟಿದವಳಿಗೆ ಎಂಥ ಉಪಚಾರ ಎಂದು ಅವರು. ಒಡಹುಟ್ಟಿದವಳನ್ನು ಕರೆಯುವ ರೀತಿಯೇ ಇದು ಎಂದು ಇವಳು. ಅಂದಿನಿಂದ ಮಾತೆಲ್ಲ ಅತ್ತೆಯವರ ಮೂಲಕ. "ಅಮ್ಮಾ, ಕಾಫಿಗೆ ಸಕ್ಕರೆ ಎಷ್ಟು ಕೇಳು." "ಅಮ್ಮಾ, ನಂಗೆ ಕಾಫಿ ಬೇಡ ಅನ್ನು." ಅತ್ತೆಯವರಿಗೆ ಕಿವಿ ಮಂದ. ಹೀಗಾಗಿ ಮಾತಿಲ್ಲದ ಈ ಮನೆಯ ಮಾತು ಬೀದಿಯ ತುದಿಗೂ ಕೇಳುತ್ತಿತ್ತು.

ಆದರೂ ಬಂದವರನ್ನು ಕಾರಿನವರೆಗೆ ಬಂದು ಕಳಿಸದಿದ್ದರೆ ಆಗುತ್ತದೆಯೇ? ನಮ್ಮಲ್ಲಿ ಹೊರಡುವುದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಒಳಗೊಮ್ಮೆ "ಬರ್ತೀವಿ", ಜಗಲಿಯಲ್ಲೊಮ್ಮೆ, ಗೇಟಿನ ಹತ್ತಿರ ಮತ್ತೊಮ್ಮೆ. ಮುಖ್ಯವಾದ ಮಾತು ಹೊರಬೀಳುವುದು ಇವೆಲ್ಲ ಮುಗಿದ ಮೇಲೆಯೇ. ನನ್ನ ಅಂಗಡಿಯಲ್ಲೂ ಅಷ್ಟೆ, ಮಧ್ಯಾಹ್ನವೆಲ್ಲ ಕೂತು ಹರಟಿದವರು ಮೆಟ್ಟಿಲಿಳಿದ ಮೇಲೆ ತಿರುಗಿ, ತಾವು ಬಂದ ಕೆಲಸ ಹೇಳುತ್ತಾರೆ.

ಸರೋಜಕ್ಕ ಬಂದು ಗಿರಿಜೆಯ ಬಾಗಿಲ ಪಕ್ಕ ನಿಲ್ಲುತ್ತಿದ್ದರು. ಗಾಜು ಮುಚ್ಚುವ ಮುಂಚೆ ಅವರು ಮನೆಯೊಳಗೆ ಹೋದರೆ ಮರ್ಯಾದೆಯಲ್ಲ; ಗಾಜಿಗೋ ಮುಚ್ಚುವ ಆತುರವೇ ಇಲ್ಲ. ಎಷ್ಟು ಹೊತ್ತೆಂದು ಮುಖ ಮುಖ ನೋಡಿಕೊಂಡಿರಲು ಸಾಧ್ಯ? ಮೊದಲ ಸಲ, "ಮಂಡಿನೋವು ಹೆಂಗಿದೆ?" ಎಂದರು. "ಇದೆ ಹಾಗೇ" ಎಂದಳು ಗಿರಿಜೆ. ಗಾಜು ಮುಚ್ಚಿತು. ಮುಂದಿನ ತಿಂಗಳು ಅಮ್ಮನ ಮಾತ್ರೆಯ ವಿಷಯ ಬಂತು. ಇನ್ನೊಂದು ತಿಂಗಳು, ಉಳಿದ ಸಂದಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಸೀಸೆ ಒಳಗೆ ಬಂತು. ಇದೆಲ್ಲ ಈಗ ಜೋಡಿಸಿ ಹೇಳುತ್ತಿದ್ದೇನೆ. ಆಗ ನನ್ನ ಗಮನವೆಲ್ಲ ಗಾಜು ಎಲ್ಲಿ ಮುಗ್ಗರಿಸುತ್ತದೆ ಎಂಬುದರ ಮೇಲಿತ್ತು.

ಕೊನೆಗೊಂದು ಭಾನುವಾರ ನಾನೇ ಕೈಹಚ್ಚಿದೆ. ಬ್ಯಾಟರಿಯ ತುದಿಗಳನ್ನು ಉಜ್ಜಿದೆ, ಸ್ವಿಚ್ಚಿನೊಳಗಿನ ಕಪ್ಪು ಕೆರೆದೆ. ತುಸು ಚುರುಕಾಯಿತು, ಅಷ್ಟೆ. ಗಾಜು ಇಳಿಯುವಾಗ ಸರಾಗ, ಏರುವಾಗ ನರಳಾಟ. ಹಾಗಾದರೆ ಅದನ್ನು ಏನೋ ಹಿಡಿದುಕೊಳ್ಳುತ್ತಿದೆ ಎಂದು ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಗ್ರೀಸು ಹಳೆ ಬೆಲ್ಲದಂತೆ ಗಟ್ಟಿಯಾಗಿತ್ತು, ಗಾಜು ಓಡಾಡುವ ರಬ್ಬರು ಪಟ್ಟಿ ಒಣಗಿ ಸೀಳಿಹೋಗಿತ್ತು. ಒಳಗೆ ಹೆಂಗಸರ ಒಂದು ಕ್ಲಿಪ್ಪೂ ಸಿಕ್ಕಿತು. ಅದು ಸಾಹುಕಾರರ ಕಾಲದ್ದೆಂದು ಗಿರಿಜೆಯನ್ನು ಒಪ್ಪಿಸುವುದಕ್ಕೆ ರಿಪೇರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಶಿವಮೊಗ್ಗದಿಂದ ಹೊಸ ಪಟ್ಟಿ ತರಿಸಿ ಕೂರಿಸಿ, ಹಳೆ ಗ್ರೀಸು ಒರೆಸಿ ಹೊಸದು ಹಚ್ಚಿ ಗುಂಡಿ ಒತ್ತಿದೆ. ಗಾಜು ಸರ್ರನೆ ಏರಿತು. ಕೆಲಸವಿಲ್ಲದಿದ್ದರೂ ಸಂಜೆಯವರೆಗೆ ಇಳಿಸಿ ಏರಿಸಿ ನೋಡಿ ಸುಖಪಟ್ಟೆ.

ಆ ತಿಂಗಳು ಸೊರಬಕ್ಕೆ ಹೋದಾಗ ಹೊರಡುವುದು ಯಾವಾಗ ಎಂದು ಕಾಯುತ್ತಿದ್ದೆ. ಸರೋಜಕ್ಕ ಬಂದು ಬಾಗಿಲಿಗೆ ಬಗ್ಗಿ, ಮೆಲ್ಲನೆ, "ಗಿರಿಜಾ, ಅವತ್ತು ನಾನೇ ನಿಮ್ಮನೆಗೆ ಬಂದು..." ಎಂದರು. ನಾನು ಗುಂಡಿ ಒತ್ತಿದೆ. ಅವರು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ಗಾಜಿನಾಚೆ ಅವರ ಬಾಯಿ ತುಸು ಹೊತ್ತು ಆಡಿ ನಿಂತಿತು. ಅವರು ಬೆರಗಾಗಿದ್ದಾರೆಂದುಕೊಂಡು ನಾನು ಠೀವಿಯಿಂದ ಗಾಡಿ ಬಿಟ್ಟೆ.

ಶಿರಾಳಕೊಪ್ಪ ಬಂದರೂ ಗಿರಿಜೆ ಮುಚ್ಚಿದ ಗಾಜನ್ನೇ ನೋಡುತ್ತಿದ್ದಳು. "ಏನಾಯ್ತೇ?" ಎಂದೆ.

"ಏನಿಲ್ಲ. ಗಾಜು ಚೆನ್ನಾಗಿ ಆಗಿದೆ" ಎಂದಳು. ಆಮೇಲೆ, "ಎರಡು ವರ್ಷದಿಂದ ಆ ಒಂದು ಮಾತಿಗೆ ಕಾಯ್ತಿದ್ದೆ ಕಣ್ರೀ" ಎಂದು ಕಣ್ಣೊರೆಸಿಕೊಂಡಳು.

ನನಗೆ ನಿಜಕ್ಕೂ ಸಂಕಟವಾಯಿತು. "ಫೋನ್ ಮಾಡಿ ಕೇಳಿಬಿಡು" ಎಂದೆ.

"ಫೋನಲ್ಲಿ ಕರೆದಿದ್ದಕ್ಕೇ ಅಲ್ವೇನ್ರೀ ಇಷ್ಟೆಲ್ಲ ಆಗಿದ್ದು? ತಪ್ಪಾಯ್ತು ಅನ್ನೋದನ್ನೂ ಫೋನಲ್ಲೇ ಹೇಳಿಸ್ಕೊಳ್ಳಲಾ?"

ಸರಾಗವಾದ ಗಾಜನ್ನು ಮತ್ತೆ ನಿಧಾನ ಮಾಡುವುದು ಹೇಗೆಂದು ಬಸವಣ್ಯಪ್ಪನವರನ್ನೂ ಕೇಳುವಂತಿರಲಿಲ್ಲ. ಆದರೆ ಅವಳ ಕಡೆಯ ಗಾಜಿನ ಗುಂಡಿ ಒತ್ತುತ್ತಿದ್ದ ಬೆರಳು ನನ್ನದೇ ಆಗಿತ್ತಲ್ಲ.

ಮುಂದಿನ ತಿಂಗಳು ಸರೋಜಕ್ಕ ಬಾಗಿಲ ಪಕ್ಕ ಬಂದು ನಿಂತಾಗ ಆ ಗುಂಡಿಯನ್ನು ಒತ್ತಿಯೂ ಒತ್ತದ ಹಾಗೆ ಮುಟ್ಟಿದೆ. ಗಾಜು ಬೆರಳಗಲ ಏರಿ ನಿಂತಿತು. ಮತ್ತೆ ಮುಟ್ಟಿದೆ, ಮತ್ತೊಂದು ಬೆರಳಗಲ. ಸರೋಜಕ್ಕ ಅರ್ಧಕ್ಕೆ ನಿಂತಿದ್ದ ಮಾತನ್ನು ಪೂರ್ತಿ ಆಡಿದರು. ಗಿರಿಜೆ ಸಂದಿಯಿಂದ ಕೈ ಹಾಕಿ ಅವರ ಕೈ ಹಿಡಿದುಕೊಂಡಳು. ನಾನು ಬೆರಳು ತೆಗೆದು ಎದುರಿನ ರಸ್ತೆ ನೋಡುತ್ತಾ ಕೂತೆ.

ಆಮೇಲೆ ಸರೋಜಕ್ಕ ಮೂಗೊರೆಸಿಕೊಂಡು ಒಳಗೆ ಇಣುಕಿದರು. "ಹೋದ ಸಲ ಸರಿಯಾಗಿತ್ತಲ್ಲ ಮಾರಾಯ್ತಿ, ಮತ್ತೆ ಎಂತ ಮಾಡಿಟ್ರು ನಿನ್ನ ಗಂಡ?"

"ಅವರ ಕೈಗೆ ಸಿಕ್ಕಿದ್ದು ಯಾವುದು ಸರಿ ಇರತ್ತೆ ಹೇಳು" ಎಂದಳು ನನ್ನ ಹೆಂಡತಿ.

ಇಬ್ಬರೂ ನಕ್ಕರು. ಒಂದು ಸಲ ಗಟ್ಟಿಯಾಗಿ ಒತ್ತಿದ್ದರೆ ಗಾಜು ಸರ್ರನೆ ಏರಿ ನನ್ನ ಮಾನ ಉಳಿಯುತ್ತಿತ್ತು. ಅವರ ನಗು ಮುಗಿಯುವವರೆಗೂ, ರಿಪೇರಿಯ ಗಂಧವೇ ಗೊತ್ತಿಲ್ಲದವನ ಹಾಗೆ, ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು ಕೂತಿದ್ದೆ.