ಪಡಸಾಲೆಯಲ್ಲಿ ಹಾಡಿದ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ: ಅಂದು ನಾನು ಸೋಲಲಿಲ್ಲ. ಸೋತೆನೆಂದು ಅಕ್ಕಿಆಲೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಹೆಂಡತಿ ಗಂಗವ್ವನಂತೂ ಕೇಳದಿದ್ದರೂ ಹೇಳುತ್ತಾಳೆ. ಹೇಳಲಿ! ಶಬ್ದದ ವಿಷಯದಲ್ಲಿ ಇಡೀ ಹಾನಗಲ್ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ನಮ್ಮ ಅಕ್ಕಿ ಗಿರಣಿಯ ಗದ್ದಲದಲ್ಲಿ ಕಣ್ಣು ಮುಚ್ಚಿ ಕುಳಿತು, ಯಾವ ಬೆಲ್ಟು ಸಡಿಲಾಗಿದೆಯೆಂದು ಹೇಳಬಲ್ಲ ಕಿವಿ ನನ್ನದು. ಅಂಥ ಕಿವಿಗೆ ಮನೆಯಲ್ಲಿ ಸಿಗುತ್ತಿದ್ದದ್ದೇನು? ಮಾವನವರು ಮದುವೆಯಲ್ಲಿ ಕೊಟ್ಟ ರೇಡಿಯೋ!

ರೇಡಿಯೋ ಕೆಟ್ಟದ್ದಾಗಿರಲಿಲ್ಲ. ಸಾಗವಾನಿ ಪೆಟ್ಟಿಗೆ, ಮುಂದೆ ಬಂಗಾರದ ಬಣ್ಣದ ಬಟ್ಟೆ, ಮೇಲೆ ಗಂಗವ್ವ ತಾನೇ ಹೆಣೆದ ಹೊದಿಕೆ. ನೋಡಲು ಮದುಮಗನಂತಿತ್ತು. ಆದರೆ ಅದರ ಸ್ಪೀಕರು ಪೆಟ್ಟಿಗೆಯೊಳಗೆ ಕುಳಿತಿತ್ತಲ್ಲ, ಎಂಥ ಗವಾಯಿ ಹಾಡಿದರೂ ಕೊಡದೊಳಗೆ ಬಾಯಿಟ್ಟು ಹಾಡಿದಂತೆ ಕೇಳುತ್ತಿತ್ತು. ಇನ್ನು ನೆರೆಮನೆಯ ಮೈಕ್ ಮಲ್ಲೇಶಪ್ಪನದು ಹಾರ್ನು. ಮದುವೆ ಮನೆಗಳಿಗೆ ಅವನು ಬಾಡಿಗೆಗೆ ಕೊಡುವ ಅಗಲ ಬಾಯಿಯ ಹಾರ್ನು. ಅದರಲ್ಲಿ ಜೋಗುಳ ಹಾಡಿದರೂ ಊರಿಗೆ ಬೆಂಕಿ ಬಿತ್ತೆಂದು ಜನ ನೀರಿನ ಕೊಡ ಹಿಡಿದು ಓಡಿಬರಬೇಕು, ಹಾಗಿತ್ತು ಅದರ ದನಿ.

ಇಂಥ ಹೊತ್ತಿನಲ್ಲಿ ಮುಂಬಯಿಯಲ್ಲಿದ್ದ ನನ್ನ ಚಿಕ್ಕಪ್ಪನ ಮಗನಿಗೆ ಒಂದು ಸ್ಪೀಕರು ದಕ್ಕಿತು. ಅವನ ಆಫೀಸಿನ ಸಾಹೇಬರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು. ಅದಕ್ಕೆ ಪೆಟ್ಟಿಗೆಯೂ ಇಲ್ಲ, ಹಾರ್ನೂ ಇಲ್ಲ! ಆಳೆತ್ತರದ ಚೌಕಟ್ಟು, ಎರಡೂ ಕಡೆ ಕಂಚಿನ ಬಣ್ಣದ ಜಾಳಿಗೆ, ನಡುವೆ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಪೊರೆ. ಕರೆಂಟು ಕೊಟ್ಟರೆ ಆ ಪೊರೆಯೇ ಅಲುಗಿ ಹಾಡುತ್ತದೆ. ಅದನ್ನು ಗೋಡೆಗೆ ಆನಿಸಿ ಇಡುವಂತಿಲ್ಲ, ಹಿಂದೆಯೂ ಮುಂದೆಯೂ ಬಯಲು ಬೇಕು. ಮುಂಬಯಿಯ ಖೋಲಿಯಲ್ಲಿ ನನ್ನ ತಮ್ಮನಿಗೇ ಹಿಂದೆ ಮುಂದೆ ಬಯಲಿರಲಿಲ್ಲ. ಹೀಗಾಗಿ ಅದು ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರುಗಳ ಸಮೇತ ನನ್ನ ಪಾಲಿಗೆ ಬಂತು.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತಬ್ಬಿಕೊಂಡು ತಂದೆ. ಶಿಗ್ಗಾವಿಯಲ್ಲಿ ಹತ್ತಿದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ಕುಳಿತು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಮನಿ ಕಟ್ಟಸಾಕತ್ತೀರೇನ್ರಿ? ಬಾಗಲಾ ಚಲೋ ಐತಿ. ಆದ್ರ ಭಾಳ ತೆಳ್ಳಗ ಆತು."

"ಬಾಗಲಾ ಅಲ್ರಿ ಯಜಮಾನ್ರ. ಇದು ಹಾಡತೈತಿ," ಎಂದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಸದ್ದಿಲ್ಲದೆ ಎದ್ದು ಹಿಂದಿನ ಸೀಟಿಗೆ ಹೋದರು.

ಮನೆಗೆ ಬಂದವನೇ ಅದನ್ನು ಪಡಸಾಲೆಯಲ್ಲಿ, ನಡುಮನೆಯ ಬಾಗಿಲಿನಿಂದ ಎರಡು ಮೊಳ ಈಚೆಗೆ, ಬೀದಿಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದೆ. ಗಂಗವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ ಇದು? ಗ್ವಾಡಿ ಇಲ್ದ ಬಾಗಲಾ ನಿಲ್ಲಿಸೀರಿ?"

"ಸ್ಪೀಕರ್ ಇದು! ಕೇಳ ಇಲ್ಲೆ, ಗವಾಯಿ ಉಸರ ತಗೊಳ್ಳೋದೂ ಕೇಳಸತೈತಿ."

"ಉಸರ ಕೇಳಾಕ ಮುಂಬಯಿಂದ ತರಬೇಕಾತೇನು? ನಿಮ್ಮ ಗೊರಕಿ ದಿನಾ ಪುಕ್ಕಟ ಕೇಳಾಕತ್ತೇನಲ್ಲ!"

ರಸಿಕತೆಯಿಲ್ಲದವರ ಜೊತೆ ವಾದಿಸಬಾರದೆಂದು ರೆಕಾರ್ಡು ಹಚ್ಚಿದೆ. ಆ ವಾರವಿಡೀ ಪಡಸಾಲೆಯ ಮೂಲೆ ಮೂಲೆಯಲ್ಲಿ ಕುಳಿತು ಕೇಳಿ, ಅದು ಅತ್ಯಂತ ಸೊಗಸಾಗಿ ಕೇಳುವ ಜಾಗವನ್ನು ಕಂಡುಹಿಡಿದೆ. ಅಲ್ಲಿ ಕುಳಿತರೆ ತಂಬೂರಿಯ ಒಂದೊಂದು ತಂತಿ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕೇಳುತ್ತಿತ್ತು ಅಲ್ಲ, ಕಾಣುತ್ತಿತ್ತು! ಗವಾಯಿ ನನ್ನೆದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತು ನನಗೊಬ್ಬನಿಗೇ ಹಾಡುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂದದ್ದೂ ಉಂಟು. ಆ ಜಾಗ ಬೀದಿಬಾಗಿಲ ಒಳಮಗ್ಗುಲಲ್ಲಿ, ಎಲ್ಲರೂ ಚಪ್ಪಲಿ ಬಿಡುವ ಕಡೆ ಇತ್ತು. ಸಂಗೀತದ ಮುಂದೆ ಚಪ್ಪಲಿ ಯಾವ ಲೆಕ್ಕ? ನಾಲ್ಕು ಜೋಡು ಆಚೆ ಸರಿಸಿ ಚಾಪೆ ಹಾಸಿಕೊಂಡೆ.

ಒಂದು ತೊಂದರೆ ಇತ್ತು. ಒಳಗಿನ ಕರೆಂಟಿನ ಸೆಳೆತಕ್ಕೆ ಊರಿನ ಗಿರಣಿಗಳ ತೌಡಿನ ಧೂಳೆಲ್ಲ ಬಂದು ಆ ಜಾಳಿಗೆಗೆ ಮೆತ್ತಿಕೊಳ್ಳುತ್ತಿತ್ತು. "ಬಾಗಲಾ ಅಂದ್ಕೊಂಡಿದ್ದೆ, ಇದು ಜರಡಿ," ಎಂದು ಗಂಗವ್ವ ದಿನವೂ ಗೊಣಗುತ್ತ ಒರೆಸುತ್ತಿದ್ದಳು. ಅದಾದರೂ ಸಹಿಸಬಹುದಿತ್ತು. ಒಂದು ದಿನ ನಾನು ಬಾಯಿ ತಪ್ಪಿ, "ಇನ್ನ ಆ ರೇಡಿಯೋ ಅಟ್ಟಕ್ಕ ಹಾಕೋಣಲ್ಲ," ಅಂದುಬಿಟ್ಟೆ.

ಮನೆ ಹೊತ್ತಿ ಉರಿಯಿತು! ತವರಿನ ರೇಡಿಯೋ ಅಟ್ಟಕ್ಕೆ! ಆ ಹೊತ್ತಿನ ಊಟ ನನಗೆ ಉಪ್ಪಿಲ್ಲದೆ ಬಂತು. ರಾತ್ರಿಯ ಊಟ ಬರಲೇ ಇಲ್ಲ. ಮರುದಿನ ಗಂಗವ್ವ ತೀರ್ಪಿನ ದಾರಿ ತಾನೇ ಹೇಳಿದಳು.

"ನಮ್ಮಪ್ಪ ಬಂದು ಕೇಳ್ಲಿ. ಅವರು ನಿಮ್ಮ ಬಾಗಲಾನ ಚಲೋ ಅಂದ್ರ ರೇಡಿಯೋ ಅಟ್ಟಕ್ಕ. ರೇಡಿಯೋ ಚಲೋ ಅಂದ್ರ ನಿಮ್ಮ ಬಾಗಲಾ ಅಟ್ಟಕ್ಕ. ಆಮ್ಯಾಲ ಅದರ ಹೆಸರ ಎತ್ತಬಾರದು."

"ಕಬೂಲ್!" ಎಂದೆ. ಗೆಲ್ಲುವುದು ಖಚಿತವಿರುವಾಗ ಹೆದರಿಕೆ ಯಾತರದು?

ಮಾವ ವೀರಬಸಪ್ಪನವರು ಸವಣೂರಿನಲ್ಲಿ ಎಲೆತೋಟ ಇದ್ದವರು. ಮಾತು ಕಡಿಮೆ, ಮೀಸೆ ಜಾಸ್ತಿ. ಎಲೆಯಡಿಕೆಯ ಕವಳ ಹಾಕಿಕೊಂಡರೆಂದರೆ ತೀರ್ಪು ಹೇಳಲೂ ಬಾಯಿ ತೆರೆಯುವವರಲ್ಲ. ಭಾನುವಾರ ಬಂದರು. ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಲೆಂದು ನಾನು ಮಲ್ಲೇಶಪ್ಪನನ್ನು ಕರೆದೆ. ಅವನು ಹಾರ್ನು ಹೊತ್ತುಕೊಂಡೇ ಬಂದ.

"ಇದನ್ಯಾಕ ತಂದಿ ಮಾರಾಯಾ?"

"ಎರಡ ಓಡೋ ಕಡೆ ಮೂರು ಓಡ್ಲಿ ಬಿಡ್ರಿ ಅಣ್ಣಾರ. ನಂದೂ ಒಂದು ಕೈ ನೋಡೋಣು."

ಸ್ಪರ್ಧೆಯ ನಿಯಮಗಳನ್ನು ನಾನೇ ರಚಿಸಿ, ನಾನೇ ಓದಿ, ನಾನೇ ಸರ್ವಾನುಮತದಿಂದ ಅಂಗೀಕರಿಸಿದೆ. ಮೂರಕ್ಕೂ ಒಂದೇ ರೆಕಾರ್ಡು, ಒಬ್ಬನೇ ಗವಾಯಿ, ಒಂದೇ ರಾಗ. ಮಾವನವರನ್ನು ಪಡಸಾಲೆಯ ಮಗ್ಗುಲ ಗೋಡೆಗೆ ಹಾಕಿದ ಗಾದಿಯ ಮೇಲೆ, ಲೋಡಿಗೆ ಒರಗಿಸಿ ಕೂರಿಸಿದೆ. ನಮ್ಮ ಕಡೆ ಹಿರಿಯರ ಜಾಗ ಅದೇ. ನನ್ನ ಅಜ್ಜನ ಕಾಲದಿಂದ ಬೀಗರು ಕುಳಿತು ಕುಳಿತು ಅಲ್ಲಿನ ಗೋಡೆಗೆ ಎಣ್ಣೆಯ ಗುರುತು ಬಿದ್ದಿದೆ. ಹೆಂಗಸರೆಲ್ಲ ಪದ್ಧತಿಯಂತೆ ನಡುಮನೆಯೊಳಗೆ ಕುಳಿತರು.

ಮೊದಲು ರೇಡಿಯೋ ಹಾಡಿತು. ಅದರ ಹಿಂದೆ ರೆಕಾರ್ಡ್ ಪ್ಲೇಯರಿನ ತಂತಿ ಸಿಕ್ಕಿಸಲು ಜಾಗವಿತ್ತು. ಗವಾಯಿ ಕೊಡದೊಳಗಿಂದ ಹಾಡಿದ. ಮಾವನವರು ತಲೆ ತೂಗಿದರು. ತಾವೇ ಕೊಟ್ಟದ್ದಲ್ಲವೇ!

ಆಮೇಲೆ ಮಲ್ಲೇಶಪ್ಪನ ಹಾರ್ನು. ಅದು ಬಾಯಿ ತೆರೆದದ್ದೇ ತಡ, ತೊಲೆಯ ಮೇಲಿನ ಪಾರಿವಾಳಗಳು ಹಾರಿಹೋದವು, ಗೂಟಕ್ಕೆ ಕಟ್ಟಿದ್ದ ಆಕಳು ಹಗ್ಗ ಜಗ್ಗಿತು, ಬೆಳಕಿಂಡಿಯ ಗಾಜು ನಡುಗಿತು. ಓಣಿಯ ಜನ ಬಾಗಿಲಲ್ಲಿ ಬಂದು ನಿಂತರು. ಮೂಲಿಮನೆಯ ನೀಲವ್ವಜ್ಜಿ ಕುಬಸದ ಖಣ ಹಿಡಿದುಕೊಂಡು ಒಳಗೇ ಬಂದಳು.

"ಯಾರ ಲಗ್ನಬೇ ಗಂಗವ್ವಾ? ಒಂದ ಮಾತು ಹೇಳಬಾರದೇನ?"

ಅಜ್ಜಿಯನ್ನು ಒಳಗೆ ಕೂರಿಸಲಾಯಿತು. ಮಾವನವರು ಎರಡೂ ಕಿವಿಯಿಂದ ಬೆರಳು ತೆಗೆದು, "ಇದನ್ನ ಹೊರಗ ಒಯ್ರಿ," ಎಂದರು. ಒಬ್ಬ ಎದುರಾಳಿ ಬಿದ್ದ! ಇನ್ನು ನನ್ನ ಸರದಿ.

ತಂತಿ ಜೋಡಿಸಿದೆ. ಮುಳ್ಳು ಇಳಿಸಿದೆ. ಅಳಿಯನಾದವನು ಮಾವನ ಸರಿಸಮಕ್ಕೆ ಕೂರಬಾರದೆಂಬ ವಿನಯದಿಂದ, ಆ ವಿನಯದ ಒಳಗಿನ ಸ್ವಾರ್ಥದಿಂದಲೂ, ಚಪ್ಪಲಿಗಳ ಬಳಿ ನನ್ನ ಚಾಪೆಯ ಮೇಲೆ ಕುಳಿತೆ. ಆಹಾ! ತಂಬೂರಿ ತುಂಬಿಕೊಂಡಿತು. ಗವಾಯಿ ಉಸಿರೆಳೆದ. ನಾನು ಕಣ್ಣುಮುಚ್ಚಿ, "ವಾಹ್ವಾ!" ಎಂದೆ. ಕಣ್ಣು ತೆರೆದರೆ ಮಾವನವರು ನನ್ನನ್ನು ನೋಡುತ್ತಿದ್ದರು, ದೇವರು ಮೈಮೇಲೆ ಬಂದವರನ್ನು ನೋಡುವ ಹಾಗೆ.

"ಶುರು ಮಾಡ್ರಿ ಅಳಿಯಂದ್ರ," ಎಂದರು.

"ಶುರು ಆಗೇತ್ರಿ ಮಾವಾರ!"

"ಎಲ್ಲೆ? ಓಣ್ಯಾಗ ಯಾರೋ ಗುನುಗಿದಂಗ ಆಗಾಕತ್ತೈತಿ."

ಓಡಿಹೋಗಿ ಅವರ ಪಕ್ಕದಲ್ಲಿ ನಿಂತು ಕೇಳಿದೆ. ನಿಜ! ಆ ಹಾಳಾದ್ದು ಹಿಂದಕ್ಕೆ ಹಾಡುತ್ತಿತ್ತು, ಮುಂದಕ್ಕೆ ಹಾಡುತ್ತಿತ್ತು. ಮಗ್ಗುಲಿಗೆ ಮಾತ್ರ ತುಟಿ ಹೊಲಿದುಕೊಂಡಿತ್ತು. ವಾರವಿಡೀ ಮೂಲೆ ಮೂಲೆ ಪರೀಕ್ಷಿಸಿದ ನಾನು ಒಂದೇ ಒಂದು ಜಾಗದಲ್ಲಿ ಕುಳಿತು ನೋಡಿರಲಿಲ್ಲ. ಬೀಗರ ಗಾದಿಯ ಮೇಲೆ ಮನೆಯವರು ಕೂರುವುದುಂಟೇ?

ಆ ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ಅರವತ್ತು ದಾಟಿದ ಮಾವನನ್ನು, "ಕಿವಿ ಸರಿ ಕೇಳಸತಾವಲ್ರಿ?" ಎಂದು ಕೇಳಿದ್ದು.

"ಗಂಗೀ," ಎಂದು ಅವರು ಒಳಗಿನ ಮಗಳನ್ನು ಕೂಗಿದರು. "ನಿನ್ನ ಗಂಡ ನನ್ನ ಕಿವುಡ ಅಂತಾನ."

"ಅಯ್ಯೋ ಹಂಗಲ್ರಿ! ಜಾಗಾದ ತಪ್ಪು. ನೀವು ಎದ್ದು ಸ್ವಲ್ಪ ಇಲ್ಲೆ ಬಂದು ಕುಂದರ್ರಿ," ಎಂದು ಅವರ ಕೈ ಹಿಡಿದು, ಭಕ್ತಿಯಿಂದ, ಚಪ್ಪಲಿಗಳ ಕಡೆ ತೋರಿಸಿದೆ.

ಗವಾಯಿಯೊಬ್ಬನೇ ಏನೂ ಅರಿಯದೆ ಹಾಡುತ್ತಿದ್ದ. ಮಾವನವರು ಚಾಪೆಯನ್ನು ನೋಡಿದರು. ಸುತ್ತಲಿನ ಚಪ್ಪಲಿಗಳನ್ನು ನೋಡಿದರು. ಅವುಗಳಲ್ಲಿ ಅವರವೂ ಇದ್ದವು.

"ಮಗಳನ್ನ ಕೊಟ್ಟೇನಿ, ರೇಡಿಯೋ ಕೊಟ್ಟೇನಿ. ಈಗ ಚಪ್ಲಿ ಕಾಯಾಕ ಕುಂದ್ರಸತೀರೇನ್ರಿ?"

ಮಲ್ಲೇಶಪ್ಪ ಹೆಗಲಿನ ಟವೆಲನ್ನು ಬಾಯಿಗೆ ತುರುಕಿಕೊಂಡ. ಇನ್ನು ಉಳಿದದ್ದು ಒಂದೇ ದಾರಿ. ಮಾವ ಸ್ಪೀಕರಿನ ಕಡೆ ಬರದಿದ್ದರೆ ಸ್ಪೀಕರೇ ಮಾವನ ಕಡೆ ತಿರುಗಬೇಕು! ಚೌಕಟ್ಟನ್ನು ತಬ್ಬಿ ಹಿಡಿದು, ಅದು ಹಾಡುತ್ತಿರುವಾಗಲೇ, ಗಾದಿಯ ಕಡೆ ಮುಖ ಮಾಡಿ ತಿರುಗಿಸತೊಡಗಿದೆ. ಒಳಗಿನಿಂದ ನೀಲವ್ವಜ್ಜಿ ಕೂಗಿದಳು.

"ಏ, ಯಾಕ ತಿರುವತೀಯೋ ತಮ್ಮಾ? ಈಗರ ಎಷ್ಟ ಛಂದ ಕೇಳಸತಿತ್ತು!"

ಯಾರು ಕೇಳುತ್ತಾರೆ? ಇನ್ನೊಂದು ಗೇಣು ತಿರುಗಿಸಿದೆ. ತಂತಿ ಗಿಡ್ಡ. ಸ್ಪೀಕರು ಮಾವನವರಿಗೆ ನೇರಾನೇರ ಮುಖ ಮಾಡಿ ನಿಂತ ಆ ಶುಭ ಗಳಿಗೆಯಲ್ಲಿ, ಹಿಂದಿನ ತಂತಿ ಪಟ್ಟೆಂದು ಕಿತ್ತು ಬಂತು. ಗವಾಯಿ ಅರ್ಧ ತಾನದಲ್ಲಿ ನಿಂತ. ಸಂಪೂರ್ಣ ಮೌನ.

ಮಾವನವರು ಎರಡು ಕ್ಷಣ ಆಲಿಸಿದರು. ಆಮೇಲೆ ಲೋಡಿಗೆ ಒರಗಿ, ಸಮಾಧಾನದಿಂದ ತಲೆಯಾಡಿಸಿದರು.

"ಈಗ ಬರೋಬ್ಬರಿ ಆತು ನೋಡ್ರಿ."

ಮಲ್ಲೇಶಪ್ಪನ ಟವೆಲು ಸೋತಿತು. ಅವನು ನಕ್ಕ ನಗು ಅವನ ಹಾರ್ನಿಗಿಂತ ದೊಡ್ಡದಿತ್ತು. ಮಾವನವರು ಕವಳ ಹಾಕಿಕೊಂಡು ಬಾಯಿ ಮುಚ್ಚಿದರು. ಅಂದರೆ ತೀರ್ಪು ಮುಗಿಯಿತು. ಅಟ್ಟದ ಏಣಿ ತರಲು ನಾನು ಹೊರಟೆ. ಆಗ ನಡುಮನೆಯ ಬಾಗಿಲಿಗೆ ಬಂದು ನಿಂತವಳು ಗಂಗವ್ವ.

"ಅಪ್ಪಾ, ಅದು ಇರ್ಲಿ ಬಿಡು."

ನನಗೆ ನನ್ನ ಕಿವಿಯ ಮೇಲೆಯೇ ಸಂಶಯ ಬಂತು!

"ಹದಿನೈದು ವರ್ಷ ಆತು, ಈ ಮನ್ಯಾಗ ರೇಡಿಯೋ ಹಾಡತೈತಿ ಅಂತ ಕೇಳೇನಿ, ಅದರ ಹಾಡು ಕೇಳಿಲ್ಲ. ಗಂಡಸರು ಕುಂತಾರಂತ ನಾವು ಒಳಗ ಇರೋದು, ಹಾಡು ಹೊರಗ ಇರೋದು. ಇವತ್ತ ಒಲಿ ಬಿಟ್ಟು ನಡುಮನ್ಯಾಗ ಕುಂತು ಮೊದಲ ಸಲ ಬರೋಬ್ಬರಿ ಕೇಳಿದ್ವಿ. ನೀಲವ್ವಜ್ಜಿ ಅಂತೂ ಅತ್ತಳು."

ಮುಂದೆ ಕುಳಿತು ನಾನು ಸ್ವರ್ಗ ಕಾಣುತ್ತಿದ್ದಾಗ ಹಿಂದೆಯೂ ಅಷ್ಟೇ ದೊಡ್ಡ ಸ್ವರ್ಗ ಇತ್ತೆಂದು ನನಗೆ ಹೊಳೆದೇ ಇರಲಿಲ್ಲ. ಹದಿನೈದು ವರ್ಷ! ನಿಜಕ್ಕೂ ನನಗೆ ಸಂಕಟವಾಯಿತು. ಅದನ್ನು ತೋರಿಸಿಕೊಳ್ಳಬಾರದೆಂದು ತಂತಿ ಜೋಡಿಸಲು ಕೂತೆ. ಮಾವನವರು ಪೀಕದಾನಿಗೆ ಉಗುಳಿ, ಬಾಯಿ ಖಾಲಿ ಮಾಡಿಕೊಂಡು ಕಟ್ಟಕಡೆಯ ಮಾತು ಹೇಳಿದರು.

"ಹಂಗಂದ್ರ ಅದರ ಮಾರಿ ಹೆಂಗಸರ ಕಡೆ ಐತಿ, ಬೆನ್ನು ನಮ್ಮ ಕಡೆ. ಅಳಿಯಂದ್ರು ಉಲ್ಟಾ ಇಟ್ಟಾರ."

ಉಲ್ಟಾ ಅಲ್ಲ! ಅದಕ್ಕೆ ಎರಡೂ ಕಡೆ ಮಾರಿಯೇ ಎಂದು ಅಂದಿನಿಂದ ಹೇಳುತ್ತಲೇ ಇದ್ದೇನೆ. ಯಾರೂ ನಂಬುವುದಿಲ್ಲ. ಅಂತೂ ರಾಜಿಯಾಯಿತು. ರೇಡಿಯೋ ಹೊದಿಕೆ ಹೊದ್ದು ಮೊದಲಿನ ಜಾಗದಲ್ಲೇ ಕುಳಿತಿದೆ, ಬಾಗಿಲು ಮೊದಲಿನ ಜಾಗದಲ್ಲೇ ನಿಂತಿದೆ. ಸಂಜೆಯಾದರೆ ಓಣಿಯ ಹೆಂಗಸರು ನಮ್ಮ ನಡುಮನೆಯಲ್ಲಿ ಕೂಡುತ್ತಾರೆ. ಯಾವ ರೆಕಾರ್ಡು ಹಾಕಬೇಕೆಂದು ಅವರೇ ಒಳಗಿನಿಂದ ಅಪ್ಪಣೆ ಕೊಡುತ್ತಾರೆ. ನಾನು ಹಾಕುತ್ತೇನೆ, ಹಾಕಿ ಚಪ್ಪಲಿಗಳ ಬಳಿ ಹೋಗಿ ಕುಳಿತುಕೊಳ್ಳುತ್ತೇನೆ. ಹೆಂಗಸರ ಸಂಖ್ಯೆ ಹೆಚ್ಚಾದಂತೆ ಚಪ್ಪಲಿಗಳೂ ಹೆಚ್ಚಾಗಿ ನನ್ನ ಚಾಪೆ ಚಿಕ್ಕದಾಗಿದೆ. ಆದರೂ ಆ ಜಾಗ ನಾನು ಬಿಟ್ಟಿಲ್ಲ. ಪೆಟ್ಟಿಗೆಗಿಂತ, ಹಾರ್ನಿಗಿಂತ ಅದೇ ಶ್ರೇಷ್ಠವೆಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಯಾರಾದರೂ ಬಂದು ಇಲ್ಲಿ ಕುಳಿತು ಕೇಳಲಿ! ಯಾರೂ ಕೂರುವುದಿಲ್ಲ, ಅದು ಬೇರೆ ಮಾತು.

ಮೊನ್ನೆ ಹಿರೇಕೆರೂರಿನಿಂದ ಬತ್ತದ ವ್ಯಾಪಾರಿಯೊಬ್ಬರು ನಮ್ಮ ಗಿರಣಿಯ ಹೆಸರು ಕೇಳಿ ಮೊದಲ ಸಲ ಮನೆಗೆ ಬಂದರು. ಹೊಸ ಬೂಟು ಬಿಚ್ಚುತ್ತ, ಚಪ್ಪಲಿಗಳ ನಡುವೆ ಕಣ್ಣು ಮುಚ್ಚಿ ಕುಳಿತ ನನ್ನನ್ನು ಭುಜ ತಟ್ಟಿ ಎಬ್ಬಿಸಿದರು.

"ಏ ತಮ್ಮಾ, ಯಜಮಾನ್ರು ಅದಾರೇನು? ಕರಿ ನೋಡೋಣು. ಈ ಬೂಟ ಹೊಸಾವು ಅದಾವ, ಸ್ವಲ್ಪ ಲಕ್ಷ್ಯ ಇರ್ಲಿ."

ಗವಾಯಿ ಆಗ ತಾನೇ ಉಸಿರೆಳೆದುಕೊಂಡಿದ್ದ. ಎದ್ದರೆ ಆ ತಾನ ಕೈತಪ್ಪುತ್ತದೆ. ನಾನು ಏಳಲಿಲ್ಲ.

"ಯಜಮಾನ್ರು ಒಳಗ ರೊಟ್ಟಿ ಬಡಿಯಾಕತ್ತಾರ್ರಿ, ಹೋಗ್ರಿ," ಎಂದೆ. "ಬೂಟು ಇಲ್ಲೇ ಬಿಡ್ರಿ. ನಾ ಎಲ್ಲೂ ಹೋಗಂಗಿಲ್ಲ."